ಮಸುಕು ಬೆಳಕನ್ನು ಕಣ್ಣು ಎಷ್ಟು ಹೊತ್ತು ಕೂಡಿಡುತ್ತದೆ?

ಮಳೆಗಾಲ ಮುಗಿದ ಮೇಲಿನ ಚಂದ್ರನಿಲ್ಲದ ರಾತ್ರಿಗಳಲ್ಲಿ ಚಿತ್ರದುರ್ಗದಾಚೆಯ ಹೊಲವೊಂದರಲ್ಲಿ 8 ಇಂಚು ದರ್ಪಣದ ದೂರದರ್ಶಕವಿಟ್ಟು ಗೆಲಾಕ್ಸಿಗಳನ್ನು ನೋಡುವುದು ನನ್ನ ಹವ್ಯಾಸ. ಜೊತೆಗೆ ಬರುವ ದಾವಣಗೆರೆಯ ಹುಡುಗರು ತಪ್ಪದೆ ಕೇಳುವುದೊಂದಿದೆ: "ಕ್ಯಾಮೆರಾವನ್ನು ಅರ್ಧ ನಿಮಿಷ ತೆರೆದಿಟ್ಟರೆ ಚಿತ್ರ ಬೆಳಗುತ್ತದಲ್ಲ ಸರ್, ಎವೆಯಿಕ್ಕದೆ ನೋಡುತ್ತಿದ್ದರೆ ನಮಗೂ ಹಾಗೆಯೇ ಕಂಡೀತೆ?"

ಕಾಣುವುದಿಲ್ಲ. ಕ್ಷಣಕಾಲ ಮಿನುಗಿ ಆರುವ ಬೆಳಕಿನ ಮಟ್ಟಿಗೆ ಅದರ ತೀವ್ರತೆ ಮತ್ತು ಅವಧಿಗಳ ಗುಣಲಬ್ಧವೇ ಮುಖ್ಯವೆಂದು, ಎಂದರೆ ಆ ಹೊತ್ತಿನ ಬೆಳಕನ್ನೆಲ್ಲ ಕಣ್ಣು ಕೂಡಿಸಿಕೊಳ್ಳುತ್ತದೆಂದು, ವಿಜ್ಞಾನಿ ಬ್ಲಾಕ್ 1885ರಲ್ಲಿಯೇ ತೋರಿಸಿದ್ದರು. ಆದರೆ ಕತ್ತಲಿಗೆ ಒಗ್ಗಿದ ಕಣ್ಣಿನಲ್ಲಿಯೂ ಈ ಪೂರ್ಣ ಸಂಕಲನ ಸುಮಾರು 0.1 ಸೆಕೆಂಡಿಗೆ ಮುಗಿದುಹೋಗುತ್ತದೆ. ವಿಜ್ಞಾನಿಗಳಾದ ಹೆಕ್ಟ್, ಶ್ಲೇರ್ ಮತ್ತು ಪಿರೆನ್ 1942ರಲ್ಲಿ ಲೆಕ್ಕಹಾಕಿದಂತೆ, ಅಂಥ ಮಿನುಗೊಂದು ಕಂಡಿತೆನ್ನಿಸಲು ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು 5ರಿಂದ 14 ಬೆಳಕಿನ ಕಣಗಳನ್ನು, ಎಂದರೆ ಫೋಟಾನ್‌ಗಳನ್ನು ಹೀರಿದರೆ ಸಾಕು. ಫೋಟಾನ್‌ಗಳು ಬರುವುದು ಸಾಲಾಗಿ ಅಲ್ಲ, ಮನಬಂದಂತೆ. ಹೀಗಾಗಿ ದೀರ್ಘಕಾಲ ನೋಡುವವನಿಗೆ ದಕ್ಕುವುದು ಕೂಡಿಟ್ಟ ಬೆಳಕಲ್ಲ, ಮತ್ತೆ ಮತ್ತೆ ಸಿಗುವ ಅವಕಾಶ. ಒಮ್ಮೆ ಮಿನುಗಿ ಮರೆಯಾದ ಮಸುಕು ಅದೇ ಜಾಗದಲ್ಲಿ ಪುನಃ ತೋರಿದಾಗ ಮನಸ್ಸು ಅದನ್ನು ನಂಬತೊಡಗುತ್ತದೆ.

ಕಣ್ಣು ಕತ್ತಲಿಗೆ ಒಗ್ಗಲೆಂದು ಮೊದಲ ಅರ್ಧ ಗಂಟೆ ನಾನು ಮಸುಕು ವಸ್ತುಗಳ ಗೊಡವೆಗೆ ಹೋಗುವುದಿಲ್ಲ. ಮೊಬೈಲು ಚೀಲ ಸೇರಿರುತ್ತದೆ, ನಕ್ಷೆಗೆ ಮಂದವಾದ ಕೆಂಪು ಟಾರ್ಚು. ಅನಂತರ ತ್ರಿಕೋಣ ರಾಶಿಯ ಎಂ33ಕ್ಕೆ ತಿರುಗುತ್ತೇನೆ. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿ ಆಕಾಶದಲ್ಲಿ ಹುಣ್ಣಿಮೆಯ ಚಂದ್ರನಿಗಿಂತ ಅಗಲವಾಗಿ ಹರಡಿಕೊಂಡಿರುವುದರಿಂದ, ಅದರ ಒಟ್ಟು ಬೆಳಕು ಎಷ್ಟೇ ಇದ್ದರೂ ಯಾವ ಭಾಗದಲ್ಲಿಯೂ ಆಕಾಶದ ಹಿನ್ನೆಲೆಗಿಂತ ಹೆಚ್ಚು ಎದ್ದು ಕಾಣುವುದಿಲ್ಲ. ದೃಷ್ಟಿಯ ನಟ್ಟನಡುವೆ ದಂಡಕೋಶಗಳೇ ಇಲ್ಲ, ಓರೆಗಣ್ಣಿನಲ್ಲಿ ನೋಡಬೇಕು. ಕಿವಿಯ ಕಡೆ ಸುಮಾರು 15 ಡಿಗ್ರಿಯಲ್ಲಿ ಏನೂ ಕಾಣದ ಕುರುಡು ಚುಕ್ಕೆಯಿರುವುದರಿಂದ, ಬಲಗಣ್ಣಿನಲ್ಲಿ ನೋಡುವ ನಾನು ದೃಷ್ಟಿಯನ್ನು ಬಲಕ್ಕೆ ಸರಿಸಿ ಗೆಲಾಕ್ಸಿಯನ್ನು ಮೂಗಿನ ಕಡೆಗೆ ಉಳಿಸಿಕೊಳ್ಳುತ್ತೇನೆ.

ಇಲ್ಲಿಂದ ಮುಂದಿನದು ಇಕ್ಕಟ್ಟಿನ ಕೆಲಸ. ಕಣ್ಣು ಅತ್ತಿತ್ತ ಓಡಿದರೆ ಮಸುಕು ಒಂದೆಡೆ ನಿಲ್ಲುವುದಿಲ್ಲ. ಕಲ್ಲಿನಂತೆ ನಿಲ್ಲಿಸಿದರೆ ಅಂಚಿನಲ್ಲಿರುವುದು ತಾನಾಗಿ ಕರಗುತ್ತದೆ. ಈ ಕರಗುವಿಕೆಯನ್ನು ವೈದ್ಯ ಟ್ರಾಕ್ಸ್‌ಲರ್ 1804ರಷ್ಟು ಹಿಂದೆಯೇ ವಿವರಿಸಿದ್ದರು. ಹಾಗಾಗಿ ಕೆಲವು ಸೆಕೆಂಡು ದೃಷ್ಟಿಯನ್ನು ಹಿಡಿದಿಟ್ಟು, ಬಳಿಕ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಬಿಂಬ ಅಲುಗಿದೊಡನೆ ಕಳೆದುಹೋದದ್ದು ಹಿಂದಿರುಗುತ್ತದೆ. ಉಸಿರು ಬಿಗಿಹಿಡಿಯುವವರನ್ನು ಕಂಡಿದ್ದೇನೆ; ಆಮ್ಲಜನಕ ಕಡಿಮೆಯಾದಾಗ ಮೊದಲು ಸೋಲುವುದೇ ಇರುಳುಗಣ್ಣು, ಆದ್ದರಿಂದ ಆ ಅಭ್ಯಾಸ ಬೇಡ.

ಕಂಡಂತೆ ಭಾಸವಾಗುವುದನ್ನೂ ಪರೀಕ್ಷಿಸಬೇಕು. ಸುರುಳಿ ತೋಳಿನ ಹೊಳಪಾದ ಭಾಗ, ಎನ್‌ಜಿಸಿ 604, ಕಂಡಿತೆನ್ನಿಸಿದಾಗ ಕೊಳವೆಯನ್ನು ಪಕ್ಕದ ಬರಿಯ ಆಕಾಶಕ್ಕೆ ಸರಿಸಿ ಮತ್ತೆ ತರುತ್ತೇನೆ. ಅದು ಗೆಲಾಕ್ಸಿಯ ಜೊತೆಗೆ ಸರಿದು, ಜೊತೆಗೇ ಮರಳಿದರೆ ಮಾತ್ರ ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಛಾಯಾಚಿತ್ರದೊಡನೆ ಹೋಲಿಸುವುದು ಮರುದಿನ ಮನೆಯಲ್ಲಿ.