ಗಾಜಿನ ನೂಲು, ಸುಟ್ಟ ಗಂಜಿ: ಅತಿವಾಹಕ ಸುರುಳಿ ಸುತ್ತಿದ ನನ್ನ ಅನುಭವ

ಕಾಂತಕ್ಕಾಗಿ ಸುತ್ತಿದ ಮೊದಲ ಸುರುಳಿಯನ್ನು ಕುಲುಮೆಯಿಂದ ಹೊರತೆಗೆದಾಗ ಅದು ಕಪ್ಪಾಗಿತ್ತು. ಒಳಗಿಡುವಾಗ ಹಾಲಿನಂತೆ ಬೆಳ್ಳಗಿದ್ದ ಗಾಜಿನ ನೂಲಿನಿಂದ ಹೆಣೆದ ಕೊಳವೆಯಂಥ ಹೊದಿಕೆ (ಸ್ಲೀವು) ದೀಪದ ಮಸಿ ಹಿಡಿದ ಗೂಡಿನ ಬಣ್ಣಕ್ಕೆ ತಿರುಗಿತ್ತು. ತಂತಿಗೂ ಅದನ್ನು ಸುತ್ತಿದ್ದ ಉಕ್ಕಿನ ಬಾಬಿನ್ನಿಗೂ ನಡುವಿನ ರೋಧ ಅಳೆದೆ. ಭಾರೀ ರೋಧ ಅಳೆಯುವ ಮೆಗ್ಗರ್ ಹಿಡಿಯುವ ಅಗತ್ಯವೇ ಬೀಳಲಿಲ್ಲ. ನೂರಾರು ಮೆಗಾಓಮ್ ಇರಬೇಕಾದ ಕಡೆ ಸಾಧಾರಣ ಮಲ್ಟಿಮೀಟರ್ 40 ಓಮ್ ತೋರಿಸಿತು.

ನಾನು ಬಳಸಿದ್ದು ನಯೋಬಿಯಂ-ತವರದ ತಂತಿ, 0.8 ಮಿಲಿಮೀಟರ್ ದಪ್ಪ, 40 ಮೀಟರ್ ಉದ್ದ. ಈ ಸಂಯುಕ್ತ ಸುಮಾರು 18 ಕೆಲ್ವಿನ್‌ಗಿಂತ ಕೆಳಗೆ (ಸುಮಾರು ಮೈನಸ್ 255 ಡಿಗ್ರಿ ಸೆಲ್ಸಿಯಸ್) ಅತಿವಾಹಕವಾಗುತ್ತದೆ, ಅಂದರೆ ಅದರ ವಿದ್ಯುತ್ ರೋಧ ಪೂರ್ತಿ ಇಲ್ಲವಾಗುತ್ತದೆ; 4.2 ಕೆಲ್ವಿನ್‌ನ ದ್ರವ ಹೀಲಿಯಂನಲ್ಲಿ ಮುಳುಗಿಸಿದರೆ ಪ್ರಬಲ ಕಾಂತಕ್ಷೇತ್ರವನ್ನೂ ತಾಳಿಕೊಳ್ಳುತ್ತದೆ. ಆದರೆ ಅದು ಹಪ್ಪಳದಂತೆ ಪೆಡಸು, ಬಾಗಿಸಿದರೆ ಮುರಿಯುತ್ತದೆ. ಆದ್ದರಿಂದ ತಾಮ್ರದೊಳಗೆ ನಯೋಬಿಯಂ, ತವರ ಬೇರೆ ಬೇರೆಯಾಗಿರುವಾಗಲೇ ತಂತಿಯನ್ನು ಸುತ್ತಿ, ಆಮೇಲೆ ಆರ್ಗಾನ್ ಅನಿಲದಲ್ಲಿ 650 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ದಿನಗಟ್ಟಲೆ ಕಾಯಿಸಬೇಕು. ಎರಡೂ ಕೂಡಿ ಅತಿವಾಹಕ ಹುಟ್ಟುವುದು ಆಗಲೇ. ನಯೋಬಿಯಂ-ಟೈಟೇನಿಯಂ ತಂತಿಗೆ ಈ ಕಷ್ಟವಿಲ್ಲ. ಅದಕ್ಕೆ ಮೋಟಾರ್ ತಂತಿಯ ಹಾಗೆ ಎನಾಮೆಲ್ ಬಳಿಯಬಹುದು, ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಸುತ್ತಬಹುದು. ಜಿನೀವಾದ ಎಲ್‌ಎಚ್‌ಸಿ ಕಣವೇಗವರ್ಧಕ ಯಂತ್ರದ 1,232 ದ್ವಿಧ್ರುವ ಕಾಂತಗಳ ಕೇಬಲ್‌ಗಳಿಗೆ ಸುತ್ತಿರುವುದು ಅಂಥ ಪಟ್ಟಿಯನ್ನೇ. ನನ್ನ ಕುಲುಮೆಯಲ್ಲಿ ಅವು ಉಳಿಯುವುದಿಲ್ಲ. ಉಳಿಯುವುದು ಗಾಜು, ಅಭ್ರಕ, ಪಿಂಗಾಣಿಯಂಥವು ಮಾತ್ರ.

ರೋಧವೇ ಇಲ್ಲದ ತಂತಿಗೆ ಇನ್ಸುಲೇಷನ್ ಏಕೆ ಎಂದು ಹಲವರು ಕೇಳುತ್ತಾರೆ. ಪ್ರವಾಹ ಸ್ಥಿರವಾಗಿರುವಾಗ ಸುತ್ತುಗಳ ನಡುವೆ ವೋಲ್ಟೇಜ್ ಇರುವುದಿಲ್ಲ, ನಿಜ. ಪ್ರವಾಹವನ್ನು ಏರಿಸುವಾಗ, ಇಳಿಸುವಾಗ ಇರುತ್ತದೆ. ತಂತಿಯ ಒಂದು ಚೂರು ಬಿಸಿಯಾಗಿ ಅತಿವಾಹಕತೆ ಕಳೆದುಕೊಂಡರೆ, ಅಂದರೆ ಕ್ವೆಂಚ್ ಆದರೆ, ದೊಡ್ಡ ಕಾಂತಗಳಲ್ಲಿ ನೂರಾರು ವೋಲ್ಟ್ ಏಳುತ್ತದೆ. ಹೊದಿಕೆ ಇರಬೇಕಾದದ್ದು ಆ ಗಳಿಗೆಗಾಗಿ.

ಕಪ್ಪು ಬಣ್ಣದ ಗುಟ್ಟು ಬಿಡಿಸಿದವರು ನಮ್ಮ ಕುಲುಮೆ ನೋಡಿಕೊಳ್ಳುವ ಹಿರಿಯರು. ಸ್ಲೀವಿನ ತುಂಡೊಂದನ್ನು ಬೆರಳ ನಡುವೆ ಹೊಸಕಿ, "ಇದಕ್ಕೆ ಗಂಜಿ ಹಾಕಿದ್ದಾರೆ ಮೇಡಂ. ಆರ್ಗಾನಿನಲ್ಲಿ ಗಂಜಿ ಉರಿದುಹೋಗುವುದಿಲ್ಲ, ಇದ್ದಿಲಾಗಿ ಅಲ್ಲೇ ಕೂರುತ್ತದೆ" ಎಂದರು. ಮಗ್ಗದ ಮನೆಯಲ್ಲಿ ಬೆಳೆದವಳು ನಾನು. ಹಾಸಿನ ನೂಲಿಗೆ ಅಮ್ಮ ಗಂಜಿ ಹಚ್ಚುವುದನ್ನು ನೋಡುತ್ತಲೇ ದೊಡ್ಡವಳಾದೆ. ಗಾಜಿನ ಎಳೆಯೂ ಹೆಣೆಯುವಾಗ ಹರಿಯಬಾರದೆಂದು ಪಿಷ್ಟ, ಎಣ್ಣೆ ಬೆರೆಸಿದ ಲೇಪ ಪಡೆದೇ ಬರುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಆ ಇದ್ದಿಲು ವಿದ್ಯುತ್ತನ್ನು ಹರಿಸುತ್ತದೆ.

ಎರಡನೆಯ ಸಲ ತಂತಿಗೆ ಏರಿಸುವ ಮೊದಲೇ ಬರಿಯ ಸ್ಲೀವನ್ನು ಗಾಳಿಯಾಡುವ ಕುಲುಮೆಯಲ್ಲಿ 450 ಡಿಗ್ರಿಗೆ ಕಾಯಿಸಿದೆ. ಗಾಳಿ ಇದ್ದರೆ ಗಂಜಿ ಪೂರ್ತಿ ಉರಿದುಹೋಗುತ್ತದೆ. ತಂತಿಯ ಮೇಲಿದ್ದಾಗ ಹೀಗೆ ಮಾಡುವಂತಿಲ್ಲ, ತಾಮ್ರ ಕಿಲುಬುತ್ತದೆ. ಆಗಾಗ ಹೊರತೆಗೆದು ತೂಗಿದೆ. ತೂಕ ಇಳಿಯುವುದು ನಿಂತ ಮೇಲೆ ಇನ್ನೂ ಒಂದು ಗಂಟೆ ಬಿಟ್ಟೆ. ನಡುವೆ ಕಂದು ಬಣ್ಣಕ್ಕೆ ತಿರುಗಿದ್ದ ಸ್ಲೀವು ಕೊನೆಗೆ ಮತ್ತೆ ಬೆಳ್ಳಗಾಯಿತು.

ಗಂಜಿ ಹೋದ ಗಾಜಿನ ನೂಲು ಬಹಳ ಬಡವಾಗುತ್ತದೆ. ಉಗುರು ತಾಗಿದರೂ ಎಳೆ ಬಿಡುತ್ತದೆ. ದೊಡ್ಡ ವೇಗವರ್ಧಕಗಳ ಕಾಂತಗಳಿಗಾಗಿ ಹೆಣೆಯುವವರು ಗಂಜಿಯ ಬದಲು ಪಾಲ್ಮಿಟಿಕ್ ಆಮ್ಲ ಹಚ್ಚುವುದುಂಟು. ನನ್ನ ಬಳಿ ಅದಿರಲಿಲ್ಲ, ಕೈಯ ಎಚ್ಚರವೊಂದೇ ಇತ್ತು. ಮೂಗಿಗೆ ಮಾಸ್ಕ್, ಕೈಗೆ ನುಣುಪಾದ ಗವಸು ಹಾಕಿಕೊಂಡು, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಸ್ಲೀವನ್ನು ನೆರಿಗೆ ಮಾಡಿ ಮಾಡಿ ತಂತಿಯ ಮೇಲೆ ಸರಿಸಿದೆ. ಹೆಣಿಗೆಯ ಗುಣ ಹೀಗೆ: ಹಿಂದಿನಿಂದ ತಳ್ಳಿದರೆ ಹಿಗ್ಗಿ ಸಲೀಸಾಗಿ ಜಾರುತ್ತದೆ, ಮುಂದಿನಿಂದ ಎಳೆದರೆ ತಂತಿಯನ್ನು ಕಚ್ಚಿಕೊಳ್ಳುತ್ತದೆ. 40 ಮೀಟರಿಗೆ ಎರಡು ದಿನ ಹಿಡಿಯಿತು.

ಸುತ್ತುವಾಗ ತೊಂದರೆ ಕೊಟ್ಟದ್ದು ಒಂದು ಪದರದಿಂದ ಮೇಲಿನ ಪದರಕ್ಕೆ ತಂತಿ ಏರುವ ಜಾಗ. ಅಲ್ಲಿ ಹೆಣಿಗೆ ಬಾಯಿ ಬಿಟ್ಟು ತಾಮ್ರ ಇಣುಕುತ್ತಿತ್ತು. ಅಂಥ ಪ್ರತಿಯೊಂದು ಕಡೆ ಅಭ್ರಕದ ಚೂರು ಇಟ್ಟೆ. ಸುತ್ತು ಸುತ್ತಿಗೆ ತಾಗಿದ್ದರೆ ಮೆಗ್ಗರಿಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ತಂತಿಯ ಉದ್ದದಿಂದ ಲೆಕ್ಕ ಹಾಕಿದ ರೋಧವನ್ನು ಅಳತೆಯೊಂದಿಗೆ ಪ್ರತಿ ಪದರ ಮುಗಿದಾಗಲೂ ಹೋಲಿಸಿದೆ. ಕಡಿಮೆ ಬಂದರೆ ಬಿಚ್ಚಬೇಕು. ನಾಲ್ಕನೆಯ ಪದರವನ್ನು ಬಿಚ್ಚಿ ಮತ್ತೆ ಸುತ್ತಿದೆ.

ಈ ಬಾರಿ ಕುಲುಮೆಯಿಂದ ಸುರುಳಿ ಬೆಳ್ಳಗೇ ಬಂತು. ಈಗ ತಂತಿ ಪೆಡಸಾಗಿತ್ತು, ನೂಲು ಇನ್ನಷ್ಟು ಬಡವಾಗಿತ್ತು. ಎರಡನ್ನೂ ಕಾಯುವುದು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು. ಸುರುಳಿಯನ್ನು ನಿರ್ವಾತದಲ್ಲಿಟ್ಟು, ಬೆಚ್ಚಗೆ ಮಾಡಿ ತೆಳುವಾಗಿಸಿದ ಎಪಾಕ್ಸಿಯನ್ನು ಕೆಳಗಿನಿಂದ ನಿಧಾನವಾಗಿ ಏರಿಸಿದೆ. ಗಾಜಿನ ಕಿಂಡಿಗೆ ಕಣ್ಣಿಟ್ಟು ಕುಳಿತಿದ್ದೆ. ಎಪಾಕ್ಸಿ ತಾಗಿದ ಕಡೆಯೆಲ್ಲ ಬಿಳಿಯ ನೂಲು ಕಣ್ಣಿಂದ ಮರೆಯಾಗಿ ಒಳಗಿನ ತಾಮ್ರ ಹೊಳೆಯತೊಡಗಿತು. ಗಾಜು, ಎಪಾಕ್ಸಿ ಎರಡೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಹೀಗಾಗುತ್ತದೆ. ಎಲ್ಲಿಯಾದರೂ ಬಿಳಿ ಉಳಿದರೆ ಅಲ್ಲಿಗೆ ಎಪಾಕ್ಸಿ ಹೋಗಿಲ್ಲವೆಂದು ಅರ್ಥ. ತಂತಿಯ ತುದಿ ಹೊರಬರುವ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಯೊಂದು ಬಹಳ ಹೊತ್ತು ನಿಂತಿತ್ತು. ಅದು ಕರಗುವವರೆಗೆ ಕಾದು, ಆಮೇಲೆ ಗಟ್ಟಿಯಾಗಿಸಲು ಬಿಸಿ ಏರಿಸಿದೆ.

ಪರೀಕ್ಷೆಯನ್ನು ಗಾಳಿಯಲ್ಲಿ ಮಾಡಿ ಸುಮ್ಮನಾಗಲಿಲ್ಲ. ಗಾಳಿ ತಡೆಯುವ ವೋಲ್ಟೇಜಿಗೆ ಹೀಲಿಯಂ ಅನಿಲ ಎಷ್ಟೋ ಮೊದಲೇ ಸೋಲುತ್ತದೆ. ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಕಿಡಿ ಹಾರುತ್ತದೆ. ಹೀಲಿಯಂ ತುಂಬಿಯೂ 500 ವೋಲ್ಟ್ ಕೊಟ್ಟು ನೋಡಿದೆ. ಮೆಗ್ಗರ್ 200 ಮೆಗಾಓಮ್ ದಾಟಿತು. ದ್ರವ ಹೀಲಿಯಂನಲ್ಲಿ ಮೂರು ಸಲ ಕ್ವೆಂಚ್ ಆಯಿತು. ಮತ್ತೆ ಕೋಣೆಯ ಬಿಸಿಗೆ ಬಂದ ಮೇಲೆ ಅಳೆದಾಗಲೂ ಹೆಚ್ಚುಕಡಿಮೆ ಅದೇ ಅಂಕಿ.

ಈಗ ಮೂರನೆಯ ಸುರುಳಿಗೆ ಸ್ಲೀವು ಏರಿಸುತ್ತಿದ್ದೇನೆ. ತುದಿ ಹೊರಬರುವ ಮೂಲೆಗೆ ಈ ಸಲ ಎಪಾಕ್ಸಿ ನೇರವಾಗಿ ಹರಿಯುವಂತೆ ಬಾಬಿನ್ನಿನಲ್ಲಿ ಸಣ್ಣ ಕಾಲುವೆಯೊಂದನ್ನು ಕೊರೆಸಿದ್ದೇನೆ.