ಅಲ್ಲಾಡದ ವೀರ್ಯಾಣುವಿನಿಂದಲೇ ಇಕ್ಸಿ: ನನ್ನ ಅನುಭವ

ಜೀರೋ ಕೌಂಟ್ ಕೇಸು, ಅಂದರೆ ವೀರ್ಯದಲ್ಲಿ ವೀರ್ಯಾಣುವೇ ಇಲ್ಲ. ಮೈಕ್ರೋ-ಟೆಸೆ (ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ವೃಷಣದಿಂದ ಟಿಷ್ಯೂ ತೆಗೆಯುವ ಆಪರೇಷನ್) ಮಾಡಿ ತಂದ ಟಿಷ್ಯೂನಲ್ಲಿ ವೀರ್ಯಾಣು ಇವೆ, ಆದರೆ ಒಂದೂ ಅಲ್ಲಾಡುತ್ತಿಲ್ಲ. ಇಕ್ಸಿ ಅಂದರೆ ಒಂದು ವೀರ್ಯಾಣುವನ್ನು ಹಿಡಿದು ಎಗ್ ಒಳಗೆ ಚುಚ್ಚೋದು; ಅಲ್ಲಾಡದಿದ್ದರೆ ಯಾವುದು ಬದುಕಿದೆ, ಯಾವುದು ಸತ್ತಿದೆ ಗೊತ್ತಾಗಲ್ಲ. ಹೆಚ್ಚಿನ ಕಡೆ ಇಲ್ಲಿಗೇ ಫೈಲ್ ಮುಚ್ಚಿ ‘ಡೋನರ್ ನೋಡೋಣ’ ಅಂತಾರೆ. ಬದುಕಿರುವುದು ಅಲ್ಲಾಡಲಿ ಅಂತ ಪೆಂಟಾಕ್ಸಿಫಿಲಿನ್ ಹಾಕಿ ನೋಡುತ್ತೇನೆ ಅಂದಾಗ ಸೀನಿಯರ್ ಒಬ್ಬರು ‘ಕಾಲುನೋವಿನ ಔಷಧಿ ಕಣಯ್ಯಾ ಅದು’ ಅಂತ ನಕ್ಕಿದ್ದರು. ಈಗ ಇಂಥ ಕೇಸ್ ಬಂದರೆ ಅವರೇ ಫೋನ್ ಮಾಡುತ್ತಾರೆ.

ಮೊದಮೊದಲು ದುಡ್ಡು ಹೋಗಿದ್ದೇ ಜಾಸ್ತಿ. ಗ್ರೇಡಿಯಂಟ್ (ದ್ರವದ ಪದರಗಳಲ್ಲಿ ಜೋರಾಗಿ ತಿರುಗಿಸಿ ವೀರ್ಯಾಣು ಬೇರ್ಪಡಿಸೋದು) ಹಾಕಿದರೆ ಇದ್ದ ನಾಲ್ಕು ವೀರ್ಯಾಣುವೂ ನಾಪತ್ತೆ. ಟಿಷ್ಯೂ ಕರಗಿಸುವ ಕೊಲಾಜನೇಸ್ ಎಂಜೈಮ್‌ನ ಪುಟ್ಟ ಬಾಟಲಿಗೆ ಹತ್ತು ಸಾವಿರದ ಹತ್ತಿರ ಸುರಿದೆ. ಸೂಜಿಯಲ್ಲಿ ಹರಿದಿದ್ದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ತೆಳು ದ್ರಾವಣದಲ್ಲಿ ಬಾಲ ಸುರುಳಿಯಾದರೆ ಬದುಕಿದೆ ಅಂತ ತಿಳಿಯುವ ಹಾಸ್ ಟೆಸ್ಟೂ ಮಾಡಿದೆ. ಫ್ರೀಜ್ ಮಾಡಿ ತೆಗೆದ ಸ್ಯಾಂಪಲ್‌ನಲ್ಲಿ ಬಾಲ ತಾನಾಗೇ ಸುರುಳಿಯಾಗಿರುತ್ತೆ, ಯಾವುದನ್ನು ನಂಬೋದು?

ಈಗ ಎರಡು ಸೂಜಿಯಲ್ಲಿ ಟ್ಯೂಬ್ಯೂಲ್ (ವೀರ್ಯಾಣು ತಯಾರಾಗುವ ಸಣ್ಣ ನಾಳ) ಹರಿದು, 24 ಗೇಜ್ ಕ್ಯಾನುಲಾದಲ್ಲಿ ಎಳೆದು ಬಿಡುತ್ತೇನೆ. ರಕ್ತ ಜಾಸ್ತಿ ಇದ್ದರೆ ಕೆಂಪು ರಕ್ತಕಣ ಒಡೆಯುವ ಲೈಸಿಸ್ ಬಫರ್. ಆಮೇಲೆ ಎಣ್ಣೆಯ ಕೆಳಗೆ ಸಣ್ಣ ಹನಿಗಳು. ಪೆಂಟಾಕ್ಸಿಫಿಲಿನ್ ಸೇರಿಸಿ ಹತ್ತಿಪ್ಪತ್ತು ನಿಮಿಷ ಬಿಡಿ. ಈಜುತ್ತೆ ಅಂತ ಕಾಯಬೇಡಿ. ತಲೆ ಕದಲಲ್ಲ, ಬಾಲದ ತುದಿ ಒಮ್ಮೆ ಮಿಡಿದು ಸುಮ್ಮನಾಗುತ್ತೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಯಿತು. ಅದನ್ನೇ ಹಿಡಿದು, ಬೇರೆ ಹನಿಗಳಲ್ಲಿ ಚೆನ್ನಾಗಿ ತೊಳೆದು ಚುಚ್ಚಬೇಕು; ಔಷಧಿ ಎಗ್ ಒಳಗೆ ಹೋಗಬಾರದು. ಪೇಪರ್‌ಗಳಲ್ಲಿ ಡೋಸ್ ಮಿಲಿಗೆ 1 ಮಿ.ಗ್ರಾಂ ಆಸುಪಾಸು ಇರುತ್ತೆ. ನಾನು ಇನ್ನೂ ಕಮ್ಮಿ ಹಾಕುತ್ತೇನೆ. ಎಷ್ಟು, ಯಾವಾಗ ಅನ್ನೋದು ನನ್ನ ಹತ್ತಿರವೇ ಇರಲಿ ಬಿಡಿ.

ವೈ ಕ್ರೋಮೋಸೋಮ್ ರಿಪೋರ್ಟ್ ನೋಡದೆ ಕೈ ಹಾಕಲ್ಲ. ವೀರ್ಯಾಣು ತಯಾರಿಗೆ ಬೇಕಾದ ಎಜಡ್‌ಎಫ್ ಭಾಗ ಅದರಲ್ಲಿದೆ; ಅದರ ಎ ಅಥವಾ ಬಿ ತುಂಡು ಪೂರ್ತಿ ಹೋಗಿದ್ದರೆ ಆಪರೇಷನ್ನೇ ಬೇಡ ಅನ್ನುತ್ತೇನೆ. ಸಿ ಮಾತ್ರ ಆದರೆ ಸಿಗಬಹುದು, ಆದರೆ ಗಂಡುಮಗು ಹುಟ್ಟಿದರೆ ಅದಕ್ಕೂ ಇದೇ ತೊಂದರೆ ಅಂತ ಮೊದಲೇ ಹೇಳಿಬಿಡುತ್ತೇನೆ.

ದಾವಣಗೆರೆ ಕಡೆಯ ಒಂದು ಜೋಡಿಗೆ ಹತ್ತು-ಹನ್ನೆರಡು ಎಗ್‌ನಲ್ಲಿ ಅರ್ಧದಷ್ಟು ಫರ್ಟಿಲೈಸ್ ಆದವು. ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಔಷಧಿಗೆ ಖರ್ಚು ಕೆಲವು ನೂರು ರೂಪಾಯಿ ಅಷ್ಟೇ. ನಾಲ್ಕೈದು ಗಂಟೆ ಮೈಕ್ರೋಸ್ಕೋಪ್ ಮುಂದೆ ಕೂತು ಕತ್ತು ಹಿಡಿದುಕೊಂಡಿದ್ದಕ್ಕೆ ಪ್ಯಾಕೇಜ್‌ನಲ್ಲಿ ಬಿಲ್ ಇಲ್ಲ, ಅಲ್ವಾ?

ಉಳಿದ ಐದಾರು ವೀರ್ಯಾಣುಗಳನ್ನು ಎಗ್ ಫ್ರೀಜ್ ಮಾಡುವ ಕಡ್ಡಿಯ ಮೇಲೇ ಇಟ್ಟು ಫ್ರೀಜ್ ಮಾಡಿ ನೋಡುತ್ತಿದ್ದೇನೆ. ವಯಲ್‌ನಲ್ಲಿ ಕಳೆದುಹೋಗುತ್ತಿದ್ದವು, ಇಲ್ಲಿ ಹೆಚ್ಚುಕಮ್ಮಿ ಇಟ್ಟಲ್ಲೇ ಸಿಗುತ್ತಿವೆ. ಮಿಡಿಯೋದು ಮಾತ್ರ ಇನ್ನೂ ಅಪರೂಪ.