ಗುಜರಿ ಫ್ರಿಜ್ಜಿನಲ್ಲಿ ಬಿಯರ್ ಹುದುಗಿಸಿದ್ದು

ಬೆಂಗಳೂರಿನ ಹವೆ ಬಿಯರ್‌ಗೆ ಹೇಳಿ ಮಾಡಿಸಿದ್ದು ಅಂತಾರೆ. ಡಿಸೆಂಬರ್ ರಾತ್ರಿಗಳ ಮಟ್ಟಿಗೆ ನಿಜ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇರುವಾಗ ಏಲ್ ಅನ್ನೋ ಬಗೆಯ ಬಿಯರ್ ಹುದುಗಿಸುವ ಯೀಸ್ಟ್‌ಗೆ ಬೇಕಾದ 18–20 ಡಿಗ್ರಿ ಎಲ್ಲಿಂದ ತರೋದು? ಸೆಕೆಯಲ್ಲಿ ಹುದುಗಿದ ಬಿಯರ್ ಬಾಳೆಹಣ್ಣಿನ ವಾಸನೆ ಹೊಡೆಯುತ್ತದೆ, ಕುಡಿದರೆ ಸ್ಪಿರಿಟ್ ತರ ಗಂಟಲು ಉರಿಯುತ್ತದೆ.

ಶಿವಾಜಿನಗರದ ಗುಜರಿಯಲ್ಲಿ ಹಳೇ ಸಿಂಗಲ್ ಡೋರ್ ಫ್ರಿಜ್ ತಂದೆ. ನೋಡಿದ್ದು ಎರಡೇ: ಕಂಪ್ರೆಸರ್ ಓಡಬೇಕು, ಬಾಗಿಲಿನ ರಬ್ಬರ್ ಬಿಗಿಯಾಗಿ ಕೂರಬೇಕು. ಬಾಗಿಲ ಸಂದಿಗೆ ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದುಬಿಟ್ಟರೆ ಬೇರೆ ಫ್ರಿಜ್ ನೋಡಿ. ಗೋಡೆಗೆ ಡ್ರಿಲ್ ಹಾಕಬೇಡಿ. ಒಳಗೆ ಗ್ಯಾಸ್ ಪೈಪ್ ಎಲ್ಲಿ ಹೋಗಿದೆಯೋ ಯಾರಿಗೆ ಗೊತ್ತು! ಬಿಸಿ ಅಳೆಯುವ ಸೆನ್ಸರ್ ವೈರು ತೆಳ್ಳಗಿರುತ್ತದೆ, ರಬ್ಬರ್ ಸಂದಿಯಲ್ಲೇ ನುಸುಳುತ್ತದೆ.

ಸೆನ್ಸರ್ ಓದಿದ ಬಿಸಿ ನೋಡಿ ಫ್ರಿಜ್ಜನ್ನು ಆನ್-ಆಫ್ ಮಾಡುವ ಕಂಟ್ರೋಲರ್ ಎಸ್‌ಟಿಸಿ-1000. ಎಸ್.ಪಿ. ರೋಡ್‌ನಲ್ಲಿ ಕೇಳುವಾಗ 220 ವೋಲ್ಟ್‌ನದ್ದೇ ಅಂತ ಖಚಿತ ಮಾಡಿಕೊಳ್ಳಿ, 12 ವೋಲ್ಟ್‌ನದ್ದೂ ನೋಡೋಕೆ ಹಾಗೇ ಇರುತ್ತದೆ. ಹಿಂದೆ ಎಂಟು ಟರ್ಮಿನಲ್. 1, 2ಕ್ಕೆ ಕರೆಂಟ್, 3, 4ಕ್ಕೆ ಸೆನ್ಸರ್, 5, 6 ಬಿಸಿಗೆ, 7, 8 ತಂಪಿಗೆ. ಜಾಸ್ತಿ ಜನ ತಲೆ ಕೆರೆದುಕೊಳ್ಳೋದು ಇಲ್ಲೇ. 7, 8ರಿಂದ ತಾನಾಗಿ ಕರೆಂಟ್ ಬರುವುದಿಲ್ಲ, ಅದು ಬರೀ ಸ್ವಿಚ್. ಫೇಸ್ ವೈರಿನಿಂದ ಒಂದು ತುಂಡು 7ಕ್ಕೆ ಕೊಟ್ಟು, 8ರಿಂದ ಫ್ರಿಜ್ಜಿನ ಸಾಕೆಟ್‌ಗೆ ಒಯ್ಯಬೇಕು. ನ್ಯೂಟ್ರಲ್, ಅರ್ಥಿಂಗ್ ನೇರವಾಗಿ ಸಾಕೆಟ್‌ಗೆ. ಅರ್ಥಿಂಗ್ ಬಿಡಲೇಬೇಡಿ. ವೈರಿಂಗ್ ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟನ್ನು ಅತಿ ತಂಪಿಗೆ ತಿರುಗಿಸಿಟ್ಟರೆ ಅದು ಮಧ್ಯೆ ಬಾಯಿ ಹಾಕುವುದಿಲ್ಲ.

ಸೆನ್ಸರ್ ಎಲ್ಲಿಡಬೇಕು? ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಪ್ರಶ್ನೆ ಇದೊಂದೇ. ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಬಿಡುತ್ತದೆ. ಮೊದಲ ಮೂರು ದಿನದ ಅಬ್ಬರದಲ್ಲಿ ಸುತ್ತಲಿನ ಗಾಳಿಗಿಂತ ಬಿಯರ್ ಕೆಲವು ಡಿಗ್ರಿ ಬಿಸಿ ಇರಬಹುದು. ಸೆನ್ಸರನ್ನು ಸುಮ್ನೆ ಗಾಳಿಯಲ್ಲಿ ನೇತುಹಾಕಿದರೆ ಅದು 18 ಅನ್ನುತ್ತಿರುತ್ತದೆ, ಬಿಯರ್ ಹುದುಗುವ ಡಬ್ಬದೊಳಗೆ 22 ಆಗಿರುತ್ತದೆ. ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಬೇರೆ ಶುರುವಾಗುತ್ತದೆ. ನಾನು ಅದನ್ನು ಡಬ್ಬದ ಹೊರಮೈಗೆ, ಬಿಯರ್ ಮಟ್ಟಕ್ಕಿಂತ ಕೆಳಗೆ, ಟೇಪ್ ಹಾಕಿ ಅಂಟಿಸಿ, ಮೇಲೆ ಹಳೇ ಯೋಗ ಮ್ಯಾಟ್‌ನ ತುಂಡನ್ನು ಒತ್ತಿ ಕಟ್ಟುತ್ತೇನೆ. ಆಗ ಓದುವುದು ಬಿಯರ್‌ನ ಬಿಸಿ. ಅದಕ್ಕೂ ಮುಂಚೆ, ಪುಡಿ ಐಸ್ ಹಾಕಿದ ನೀರಲ್ಲಿ ಅದ್ದಿ ನೋಡಿ, ಸೊನ್ನೆ ತೋರಿಸದಿದ್ದರೆ ಕಂಟ್ರೋಲರ್‌ನ ಎಫ್4 ಸೆಟ್ಟಿಂಗ್‌ನಲ್ಲಿ ಸರಿಮಾಡಿ.

ಉಳಿದ ಸೆಟ್ಟಿಂಗ್‌ಗಳು: ಎಫ್1 (ಬೇಕಾದ ಬಿಸಿ) 18, ಎಫ್2 (ಅದಕ್ಕಿಂತ ಎಷ್ಟು ಡಿಗ್ರಿ ಏರಿದರೆ ಕಂಪ್ರೆಸರ್ ಓಡಬೇಕು ಅನ್ನೋದು) 0.5. ಎಫ್3 (ಕಂಪ್ರೆಸರ್ ಮತ್ತೆ ಶುರುವಾಗುವ ಮುಂಚೆ ಕಾಯುವ ಹೊತ್ತು) ಮಾತ್ರ ಪೂರ್ತಿ 10 ನಿಮಿಷ. ಕಂಪ್ರೆಸರ್ ನಿಂತ ತಕ್ಷಣ ಮತ್ತೆ ಶುರುವಾದರೆ ಒಳಗಿನ ಗ್ಯಾಸ್ ಒತ್ತಡ ಇನ್ನೂ ಇಳಿದಿರುವುದಿಲ್ಲ, ಮೋಟರ್ ಸುಟ್ಟುಹೋಗಬಹುದು. ಕರೆಂಟ್ ಹೋಗಿ ಬಂದು ಆಟ ಆಡಿಸೋ ನಮ್ಮ ಏರಿಯಾದಲ್ಲಿ ಇದು ಬೇಕೇ ಬೇಕು. ಇನ್ನು ಕರೆಂಟ್ ಗಂಟೆಗಟ್ಟಲೆ ಹೋದರೆ? ಬಾಗಿಲು ಮುಚ್ಚಿಡಿ, 20 ಲೀಟರ್ ಬಿಯರ್ ಅಷ್ಟು ಬೇಗ ಬಿಸಿಯಾಗಲ್ಲ.

ಬಿಸಿಗೆ ಅಂತ ಇರುವ 5, 6ನೇ ಟರ್ಮಿನಲ್ ಖಾಲಿಯೇ ಇವೆ. ಬೆಂಗಳೂರಿನ ಚಳಿಗೆ ಹೀಟರ್ ದಂಡ ಅಂತ ನನ್ನ ಲೆಕ್ಕ. ಅಬ್ಬರ ಇಳಿದ ಮೇಲೆ 21ಕ್ಕೆ ಏರಿಸಿ ಎರಡು ದಿನ ಬಿಡುತ್ತೇನೆ, ಬೆಣ್ಣೆಯಂಥ ವಾಸನೆಯೇನಾದರೂ ಇದ್ದರೆ ಯೀಸ್ಟೇ ತಿಂದು ಮುಗಿಸುತ್ತದೆ. ಕೊನೆಗೆ 2 ಡಿಗ್ರಿಗೆ ಇಳಿಸಿದರೆ ಮಡ್ಡಿ ತಳಕ್ಕೆ ಕೂರುತ್ತದೆ. ತಂಪಾಗುವಾಗ ಡಬ್ಬ ಏರ್‌ಲಾಕ್‌ನ (ಗ್ಯಾಸ್ ಹೊರಬಿಟ್ಟು ಗಾಳಿ ತಡೆಯುವ, ನೀರು ತುಂಬಿದ ಮುಚ್ಚಳ) ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಅಲ್ವಾ? ಅದಕ್ಕೇ ಇಳಿಸುವ ಮುಂಚೆ ಏರ್‌ಲಾಕ್ ತೆಗೆದು ಬಿರಡೆ ಹಾಕಿಬಿಡಿ.